ತೊಳೆಯದ ಪಂಪು

ಹಾವೇರಿ ಜಿಲ್ಲೆಯ ಒಂದು ಊರು. ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿದಿತ್ತು. ಕೃಷಿ ಇಲಾಖೆಯಿಂದ ನಿವೃತ್ತನಾದ ಮೇಲೂ ಆ ಕಡೆಯ ಜನ ಬೆಳೆಗೆ ಏನಾದರೂ ಆದರೆ ನನ್ನನ್ನು ಕರೆಯುತ್ತಾರೆ. ಆ ದಿನ ಕರೆದವರು ಅರವತ್ತು ದಾಟಿದ ಹಿರಿಯರು. ಬದುವಿನ ಮೇಲೆ ನಿಂತು ಒಂದು ಹತ್ತಿ ಗಿಡದ ಕುಡಿಯನ್ನು ಬಗ್ಗಿಸಿ ನನ್ನ ಮುಂದೆ ಹಿಡಿದರು. ಹತ್ತಿಯ ಎಲೆ ಅಂದರೆ ತೆರೆದ ಅಂಗೈ. ಅವರು ತೋರಿಸಿದ ಎಲೆಗಳು ಸಪೂರಾಗಿ ಎಳೆದುಕೊಂಡು, ನರಗಳು ಒಂದರ ಪಕ್ಕ ಒಂದು ಒತ್ತಾಗಿ ಎದ್ದು, ಅಂಚು ಹರಿದ ಸೆರಗಿನಂತೆ ಕಾಣುತ್ತಿದ್ದವು.

“ನೋಡ್ರಿ ಸಾಹೇಬ್ರ, ಹತ್ತಿ ಬಿತ್ತಿದ ಹೊಲದಾಗ ಬೆಂಡಿ ಎದ್ದೈತಿ” ಅಂದರು.

ಅವರ ಹೊಲದ ಪಡುವಣಕ್ಕೆ ಊರಿನ ಒಬ್ಬ ಯುವಕನ ಗೋವಿನಜೋಳ. ಜುಲೈ ನಡುವಿನಲ್ಲಿ ಅವನು ಜೋಳದೊಳಗಿನ ಕಳೆಗೆ ‘ಕಸದ ಎಣ್ಣಿ’ ಹೊಡೆಸಿದ್ದ. ಎಣ್ಣಿಯ ಹೆಸರು 2,4-ಡಿ. ಆ ದಿನ ಪಡುವಣ ಗಾಳಿ ಜೋರಾಗಿತ್ತು ಎಂದು ಹಿರಿಯರು ಹೇಳಿದರು, ಯುವಕನೂ ಅದನ್ನು ಅಲ್ಲಗಳೆಯಲಿಲ್ಲ. “ಗಾಳಿ ಏನ ನನ್ನ ಮಾತ ಕೇಳತೈತೇನು ಕಾಕಾ?” ಎಂದಷ್ಟೇ ಕೇಳಿದ್ದನಂತೆ. ಮಾತು ಬೆಳೆದು, ಮರುದಿನ ಗುಡಿಯ ಕಟ್ಟೆಯಲ್ಲಿ ಊರ ಹಿರಿಯರು ಕೂಡುವುದೆಂದು ಗೊತ್ತಾಗಿತ್ತು. ನಾನು ಹೊಲ ನೋಡಿ, ಕಂಡದ್ದನ್ನು ಅಲ್ಲಿ ಹೇಳಬೇಕಿತ್ತು.

ಇಬ್ಬರೂ ಪರಕೀಯರಲ್ಲ. ಬಿತ್ತಿಗೆಯ ಕಾಲಕ್ಕೆ ಒಬ್ಬರ ಎತ್ತು ಇನ್ನೊಬ್ಬರ ಹೊಲದಲ್ಲಿ ಹೂಡಿದ್ದುಂಟು. ಸುಗ್ಗಿಗೆ ಮುಯ್ಯಾಳು ಹೋದದ್ದುಂಟು. ಬದುವಿನ ಬೇವಿನ ಮರದ ನೆರಳಲ್ಲಿ ಎರಡೂ ಮನೆಯ ಬುತ್ತಿ ಬಿಚ್ಚಿದ್ದುಂಟು. ಆ ಹುಡುಗನ ಅಪ್ಪ ತೀರಿಕೊಂಡಾಗ ಹೊಲದ ಕೆಲಸ ಕಲಿಸಿದವರು ಇದೇ ಹಿರಿಯರು. ಅದಕ್ಕೇ ಅವನ ಬಾಯಲ್ಲಿ ಅವರು ‘ಕಾಕಾ’.

ನಾನು ಸಾಲು ಹಿಡಿದು ನಡೆದೆ. ಬದುವಿಗೆ ಹತ್ತಿದ ಮೊದಲ ಸಾಲುಗಳಲ್ಲಿ ಗಿಡದ ಕುಡಿ ಪೂರ್ತಿ ಸುರುಟಿತ್ತು. ಎಂಟನೇ ಸಾಲಿನಲ್ಲಿ ಕಡಿಮೆ. ಇಪ್ಪತ್ತನೇ ಸಾಲಿಗೆ ಬರುವಷ್ಟರಲ್ಲಿ ಎಲೆ ಮತ್ತೆ ಅಂಗೈ ಆಗಿತ್ತು. ಗಾಳಿಯಲ್ಲಿ ತೇಲಿ ಬಂದ ಹನಿಯ ಗುರುತೇ ಇದು: ಅಂಚಿನಲ್ಲಿ ದಟ್ಟ, ಒಳಗೆ ಹೋದಂತೆ ತೆಳು. ಹಿರಿಯರ ದೂರು ನಿಜವಾಗಿತ್ತು.

ಅಲ್ಲಿಂದಲೇ ತಿರುಗಿ ಬಂದಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಲವನ್ನು ಇಡಿಯಾಗಿ ಸುತ್ತುವುದು ನನ್ನ ಹಳೆಯ ಅಭ್ಯಾಸ. ಮೂಡಣ ತುದಿಯಲ್ಲಿ, ಬಂಡಿದಾರಿ ಹೊಲಕ್ಕೆ ಸೇರುವಲ್ಲಿ, ಮತ್ತೆ ಬೆಂಡೆಯ ಎಲೆ ಕಂಡಿತು. ಅಲ್ಲಿಂದ ಶುರುವಾಗಿ ಕೆಲವು ಸಾಲುಗಳ ಉದ್ದಕ್ಕೆ ಪಟ್ಟಿಯಂತೆ ಹೋಗಿ, ಬರಬರುತ್ತ ತಿಳಿಯಾಗಿ, ಕೊನೆಗೆ ಇಲ್ಲವಾಗಿತ್ತು. ಗಾಳಿ ಹೊಲದ ನಡುಭಾಗವನ್ನು ಪೂರ್ತಿ ಬಿಟ್ಟು ಆಚೆ ತುದಿಗೆ ಹೋಗಿ ಸಾಲು ಹಿಡಿದು ಬೀಳುವುದಿಲ್ಲ.

ಆಮೇಲೆ ಗೆಣ್ಣು ಎಣಿಸಿದೆ. ಬೆಳೆಯುವ ದಿನಗಳಲ್ಲಿ ಹತ್ತಿಯ ನಡುಕಾಂಡ ಹೆಚ್ಚುಕಡಿಮೆ ಮೂರು ದಿನಕ್ಕೊಂದು ಗೆಣ್ಣು ಬಿಡುತ್ತದೆ. 2,4-ಡಿ ತಾಗಿದ ದಿನ ಬಲಿತು ಬಿಡಿಸಿಕೊಂಡಿದ್ದ ಎಲೆಗಳಿಗೆ ಆಕಾರ ಕೆಡುವುದಿಲ್ಲ. ಇನ್ನೂ ಕುಡಿಯೊಳಗೆ ಮಡಚಿಕೊಂಡಿದ್ದ ಎಲೆಗಳು ಸೊಟ್ಟಾಗಿ ಹೊರಬರುತ್ತವೆ. ಹಾಗಾಗಿ ಗಿಡ ತನಗೆ ಏಟು ಬಿದ್ದ ದಿನವನ್ನು ತನ್ನ ಮೈಮೇಲೆ ಬರೆದಿಟ್ಟುಕೊಳ್ಳುತ್ತದೆ. ಪಡುವಣ ಅಂಚಿನ ಗಿಡಗಳಲ್ಲಿ ಹನ್ನೊಂದನೇ ಗೆಣ್ಣಿನಿಂದ ಎಲೆ ಕೆಟ್ಟಿತ್ತು. ಮೂಡಣ ಪಟ್ಟಿಯಲ್ಲಿ ಹದಿನಾಲ್ಕನೇ ಗೆಣ್ಣಿನಿಂದ. ಒಂದೇ ಹೊಲ, ಒಂದೇ ದಿನದ ಬಿತ್ತಿಗೆ. ಎರಡು ಏಟುಗಳ ನಡುವೆ ಸುಮಾರು ಹತ್ತು ದಿನ.

“ಜೋಳಕ್ಕೆ ಹೊಡೆದ ಹತ್ತು ದಿನಕ್ಕೆ ನೀವು ಇಲ್ಲಿ ಏನಾದರೂ ಹೊಡೆದಿದ್ದಿರಾ?” ಎಂದು ಕೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ನುಸಿಗೆ ಎಣ್ಣಿ ಹೊಡೆದದ್ದು ನಿಜ. ಯಾವ ಪಂಪಿನಲ್ಲಿ? ತಮ್ಮದೇ ಪಂಪಿನಲ್ಲಿ. ಅದಕ್ಕೂ ಮುಂಚೆ ಆ ಪಂಪು ಎಲ್ಲಿತ್ತು?

ಆ ಪಂಪನ್ನು ಜೋಳಕ್ಕೆ ಕಸದ ಎಣ್ಣಿ ಹೊಡೆಯಲು ಹುಡುಗ ಒಯ್ದಿದ್ದ. ಮುಯ್ಯಿಯ ನಂಟಿನಲ್ಲಿ ಇವರೇ ಕೊಟ್ಟಿದ್ದರು. ಕೆಲಸ ಮುಗಿದ ಮೇಲೆ ಆಳು ಅದಕ್ಕೆ ಒಂದು ತಂಬಿಗೆ ನೀರು ಹಾಕಿ ಕಲಕಿ ಚೆಲ್ಲಿ, ತಂದು ಪಡಸಾಲೆಯಲ್ಲಿ ಇಟ್ಟು ಹೋಗಿದ್ದ. ಇವರು ಮತ್ತೆ ತೊಳೆಯಲಿಲ್ಲ. ರಬ್ಬರ್ ಪೈಪಿನೊಳಗೆ, ವಾಷರಿನ ಸಂದಿಯಲ್ಲಿ, ತಳದಲ್ಲಿ ಉಳಿದದ್ದು ನುಸಿಯ ಔಷಧಿಯ ಜೊತೆ ಮೊದಲ ಟ್ಯಾಂಕಿನಲ್ಲಿ ಹತ್ತಿಯ ಮೇಲೆ ಬಿತ್ತು. ಎರಡನೇ ಟ್ಯಾಂಕಿಗೆ ಪಂಪು ತನ್ನನ್ನು ತಾನೇ ತೊಳೆದುಕೊಂಡಿತ್ತು. ಆ ಪಟ್ಟಿ ತಿಳಿಯಾಗುತ್ತ ಹೋಗಿದ್ದು ಅದಕ್ಕೇ.

ಇಷ್ಟು ಸ್ವಲ್ಪದಿಂದ ಇಷ್ಟು ಹಾನಿಯೇ ಎಂದು ಅನ್ನಿಸಬಹುದು. ಗೋವಿನಜೋಳಕ್ಕೆ ಎಕರೆಗೆ ಬೀಳುವ 2,4-ಡಿ ಸುಮಾರು 200ರಿಂದ 400 ಗ್ರಾಂ. ಅದರ ಇನ್ನೂರನೇ ಒಂದು ಪಾಲು ಬಿದ್ದರೂ ಹತ್ತಿಯ ಎಲೆ ಕೆಡುತ್ತದೆ. ಅಂದರೆ ಎಕರೆಗೆ ಒಂದೆರಡು ಗ್ರಾಂ, ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪಿನಷ್ಟು. ಅದೇ ಎಣ್ಣಿ ಪೂರ್ತಿ ಪ್ರಮಾಣದಲ್ಲಿ ಮೈಮೇಲೆ ಬಿದ್ದರೂ ಪಕ್ಕದ ಜೋಳ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಹೇಗೆ ಎಂಬುದನ್ನು ನಿಧಾನವಾಗಿ ಹೇಳಬೇಕು. ಮರುದಿನ ಕಟ್ಟೆಯ ಮೇಲೆ ನಡೆದದ್ದು ನನಗೆ ಅರ್ಥವಾದದ್ದು ಇದರಿಂದಲೇ.

ಕಳೆನಾಶಕಗಳೆಲ್ಲ ಒಂದೇ ರೀತಿ ಕೊಲ್ಲುವುದಿಲ್ಲ. ಪ್ಯಾರಾಕ್ವಾಟ್ ಎಲೆಯ ಹಸಿರಿನೊಳಗೆ ನುಗ್ಗಿ, ಬಿಸಿಲಿನ ಶಕ್ತಿಯನ್ನು ಎಲೆಯ ಮೇಲೇ ತಿರುಗಿಸುತ್ತದೆ. ಬೆಳಿಗ್ಗೆ ಹೊಡೆದರೆ ಸಂಜೆಯೊಳಗೆ ಎಲೆ ಬಾಡಿ ಸುಟ್ಟಂತಾಗುತ್ತದೆ. ಗ್ಲೈಫೋಸೇಟ್ ಅವಸರಿಸುವುದಿಲ್ಲ. ಬೇರಿನ ತನಕ ಇಳಿದು, ಗಿಡ ತನ್ನ ಪ್ರೋಟೀನಿಗೆ ಬೇಕಾದ ಮೂರು ಅಮೈನೋ ಆಮ್ಲಗಳನ್ನು ತಯಾರಿಸುವ ದಾರಿಯನ್ನೇ ಕಟ್ಟುತ್ತದೆ. ಗಿಡ ಒಂದೆರಡು ವಾರದಲ್ಲಿ ಹಳದಿಯಾಗಿ ಸೊರಗುತ್ತದೆ. ಮೊದಲನೆಯದು ಬೆಂಕಿ, ಎರಡನೆಯದು ಉಪವಾಸ. 2,4-ಡಿಯ ಬಗೆ ಇವೆರಡೂ ಅಲ್ಲ. ಅದು ಗಿಡದ ಜೊತೆ ಮಾತಾಡುತ್ತದೆ.

ಗಿಡಕ್ಕೆ ತನ್ನದೇ ಒಂದು ಮಾತಿದೆ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ತುದಿಗೆ ಟೊಪ್ಪಿಗೆ ತೊಡಿಸಿ ನೋಡಿದ ಪ್ರಯೋಗಗಳನ್ನು ಪ್ರಕಟಿಸಿದರು. ತುದಿ ಮುಚ್ಚಿದರೆ ಮೊಳಕೆ ಬೆಳಕಿನ ಕಡೆ ಬಾಗುತ್ತಿರಲಿಲ್ಲ. ಬಾಗುವುದು ಕೆಳಗಿನ ಭಾಗ, ಆದರೆ ಬೆಳಕನ್ನು ಅರಿಯುವುದು ತುದಿ. ಅಂದ ಮೇಲೆ ತುದಿಯಿಂದ ಕೆಳಕ್ಕೆ ಏನೋ ಒಂದು ಸುದ್ದಿ ಹರಿಯುತ್ತಿರಬೇಕು. 1920ರ ದಶಕದಲ್ಲಿ ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಆ ಸುದ್ದಿಯನ್ನು ಅಗರ್ ತುಣುಕಿನಲ್ಲಿ ಹಿಡಿದು ತೋರಿಸಿದರು. ಅದಕ್ಕೆ ಆಕ್ಸಿನ್ ಎಂದು ಹೆಸರಾಯಿತು. ಎಲ್ಲಿ ಹಿಗ್ಗಬೇಕು, ಎಲ್ಲಿ ಬೇರು ಬಿಡಬೇಕು, ಎಲೆ ಯಾವ ಆಕಾರಕ್ಕೆ ಬಿಡಿಸಿಕೊಳ್ಳಬೇಕು ಎಂಬುದೆಲ್ಲ ಈ ಆಕ್ಸಿನ್ನಿನ ಏರಿಳಿತದಲ್ಲಿ ನಿಂತಿದೆ. ಕೋಶದೊಳಗೆ ಬೆಳವಣಿಗೆಯನ್ನು ತಡೆದು ಹಿಡಿಯುವ ಕಾವಲು ಪ್ರೋಟೀನುಗಳಿವೆ. ಆಕ್ಸಿನ್ ಬಂದಾಗ ಆ ಕಾವಲು ತೆರವಾಗುತ್ತದೆ. ಕೆಲಸ ಮುಗಿದೊಡನೆ ಗಿಡ ಆಕ್ಸಿನ್ನನ್ನು ಒಡೆದು, ಕಟ್ಟಿ ಹಾಕಿ, ಮತ್ತೆ ಕಾವಲು ನಿಲ್ಲಿಸುತ್ತದೆ. ಹೇಳುವುದು, ಕೇಳುವುದು, ಸಾಕೆಂದು ನಿಲ್ಲಿಸುವುದು: ಈ ಮೂರೂ ಇದ್ದರೇ ಬೆಳವಣಿಗೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ರೂಪುಗೊಂಡ 2,4-ಡಿ ಆಕ್ಸಿನ್ನನ್ನು ಹೋಲುತ್ತದೆ. ಕೋಶದ ಬೀಗಕ್ಕೆ ಇದೂ ಹೊಂದುವ ಕೀಲಿಕೈ. ಆ ಬೀಗ ಯಾವುದೆಂದು ಖಚಿತವಾಗಿ ತಿಳಿದದ್ದು ಬಹಳ ತಡವಾಗಿ, 2005ರಲ್ಲಿ. ಅಗಲ ಎಲೆಯ ಗಿಡ ಈ ಕೀಲಿಕೈಯನ್ನು ನಂಬಿ ಬಾಗಿಲು ತೆರೆಯುತ್ತದೆ. ಆದರೆ ಇದನ್ನು ತನ್ನ ಆಕ್ಸಿನ್ನಿನಂತೆ ಬೇಗ ಒಡೆಯಲು ಅದಕ್ಕೆ ಆಗುವುದಿಲ್ಲ. ‘ಬೆಳೆ, ಬೆಳೆ’ ಎಂಬ ಆಜ್ಞೆ ನಿಲ್ಲುವುದೇ ಇಲ್ಲ. ದಂಟು ತಿರುಚಿಕೊಳ್ಳುತ್ತದೆ, ಎಲೆಯ ತೊಟ್ಟು ಕೆಳಗೆ ಬಾಗುತ್ತದೆ, ನೀರು-ಆಹಾರದ ನಾಳಗಳು ಕಟ್ಟಿಕೊಳ್ಳುತ್ತವೆ. ಹೆಚ್ಚು ಬಿದ್ದ ಗಿಡ ಸಾಯುತ್ತದೆ, ಕಡಿಮೆ ಬಿದ್ದದ್ದು ಸೊಟ್ಟಾಗುತ್ತದೆ. ಜೋಳ, ಭತ್ತ, ಕಬ್ಬು ಮೊದಲಾದ ಹುಲ್ಲಿನ ಕುಲದ ಬೆಳೆಗಳು ಆ ಹೋಲಿಕೆಯನ್ನು ಬೇಗ ಗುರುತಿಸಿ ಬೇರೆ ರೂಪಕ್ಕೆ ಮಾರ್ಪಡಿಸಿಬಿಡುತ್ತವೆ. ಅವುಗಳ ನಾಳಗಳ ಜೋಡಣೆಯೂ ಬೇರೆ. ಅದಕ್ಕೇ ಜೋಳ ಉಳಿಯುತ್ತದೆ, ಕಾಂಗ್ರೆಸ್ ಕಸ ಸಾಯುತ್ತದೆ, ಹತ್ತಿ ಬೆಂಡೆಯಾಗುತ್ತದೆ. ಕಳೆ ಯಾವುದು, ಬೆಳೆ ಯಾವುದು ಎಂಬುದು ಆ ರಾಸಾಯನಿಕಕ್ಕೆ ತಿಳಿಯದು. ಯಾವುದು ಸುಳ್ಳು ಆಜ್ಞೆಯನ್ನು ಕರಗಿಸಬಲ್ಲದು, ಯಾವುದು ಕರಗಿಸಲಾರದು ಎಂಬ ಒಂದೇ ಭೇದ ಅದರದು.

ಬದುವಿನ ಮೇಲೆ ಕೂತು ಹಿರಿಯರು ನನ್ನನ್ನು ಕೇಳಿಕೊಂಡರು: “ಪಂಪಿನ ಸುದ್ದಿ ನಾಳೆ ಎತ್ತಬ್ಯಾಡ್ರಿ ಸಾಹೇಬ್ರ. ಗಾಳಿ ಬೀಸಿದ್ದು ಖರೆ ಐತಿ. ನಾ ಏನೂ ಸುಳ್ಳ ಹೇಳಾಕತ್ತಿಲ್ಲ.”

ಅವರನ್ನು ದುರಾಸೆಯವರೆಂದು ನಾನು ಎಣಿಸಲಿಲ್ಲ. ಬೀಜ, ಗೊಬ್ಬರಕ್ಕೆ ಸಾಲ ಎತ್ತಿದ್ದರು. ಪಂಪಿನ ಮಾತು ಬಂದರೆ, ತೊಳೆಯದೆ ಹೊಡೆದ ನಿಮ್ಮದೇ ತಪ್ಪು ಎಂದು ಸಭೆ ಎದ್ದು ಹೋಗಬಹುದು, ಅಂಚಿನ ಸಾಲುಗಳ ಪರಿಹಾರವೂ ಕೈತಪ್ಪಬಹುದು ಎಂಬ ಹೆದರಿಕೆ ಅವರದು. ಆ ಸಂಜೆ ಯುವಕನನ್ನೂ ಕಂಡೆ. ಅವನಿಗೂ ಪಂಪು ನೆನಪಿತ್ತು. ಅವನೂ ಆ ಮಾತು ಎತ್ತಲು ಸಿದ್ಧನಿರಲಿಲ್ಲ, ಯಾಕೆಂದರೆ ತೊಳೆಯದೆ ಹಿಂದಿರುಗಿಸಿದವನು ಅವನೇ. ಗಾಳಿಯ ತಪ್ಪಿನ ಮೇಲೆ ಇದೂ ಒಂದು ಹೊರೆಯಾಗುತ್ತದೆ ಎಂದು ಅವನ ಭಯ. ಹೀಗೆ ಎದುರಾಳಿಗಳಿಬ್ಬರೂ ಒಂದೇ ಸತ್ಯವನ್ನು ಎರಡು ಕಡೆಯಿಂದ ಮುಚ್ಚಿ ಹಿಡಿದಿದ್ದರು. ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆಯೇ ಆದ ಒಪ್ಪಂದ ಅದು.

ಇನ್ನೊಬ್ಬ ಬಲ್ಲವನಿದ್ದ. ಪಂಪನ್ನು ಬೆನ್ನಿಗೆ ಹಾಕಿಕೊಂಡು, ಬರಿಗಾಲಲ್ಲಿ, ಮುಖಕ್ಕೆ ಟವೆಲ್ ಸುತ್ತಿ ಆ ಗಾಳಿಯಲ್ಲಿ ಹೊಡೆದ ಕೂಲಿಯಾಳು. ಮೊದಲ ಹನಿಗಳು ಬಿದ್ದದ್ದು ಅವನ ಮೈಮೇಲೆ. ಅವನನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದಾಗ ನೇರವಾಗಿ ಹೇಳಿದ: “ಒಂದ ಸಲಾ ನೀರ ಹಾಕಿ ಚೆಲ್ಲಿದ್ನಿರಿ. ತೊಳಿ ಅಂತ ಯಾರೂ ಹೇಳಿದ್ದಿಲ್ಲ.” ಅವನಿಗೆ ಮುಚ್ಚಿಡಲು ಏನೂ ಇರಲಿಲ್ಲ.

ರಾತ್ರಿ ಹಿರಿಯರ ಮನೆಗೆ ಹೋಗಿ ಹೇಳಿದೆ: “ನಾನು ಎರಡು ಗುರುತು ಕಂಡಿದ್ದೇನೆ. ಒಂದನ್ನೇ ಹೇಳಿದರೆ ನಾನು ಸಾಕ್ಷಿಯಾಗುವುದಿಲ್ಲ, ವಕೀಲನಾಗುತ್ತೇನೆ. ನಾಳೆ ನೀವೇ ಹೇಳಿದರೆ ಒಳ್ಳೆಯದು. ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ.” ಅವರು ಉತ್ತರ ಕೊಡಲಿಲ್ಲ. ಅವರ ಮನೆಯವರು ತಂದಿಟ್ಟ ಚಹಾ ಆರಿ ಹೋಯಿತು.

ಮರುದಿನ ಕಟ್ಟೆಗೆ ಬರುವಾಗ ಅವರ ಹೆಗಲ ಮೇಲೆ ಆ ಪಂಪು ಇತ್ತು. ತಂದು ನಡುವೆ ಇಟ್ಟರು. “ಗಾಳಿಗೆ ಕೆಟ್ಟದ್ದು ಇಪ್ಪತ್ತು ಸಾಲ. ಬಂಡಿದಾರಿ ಕಡಿ ಕೆಟ್ಟದ್ದು ಇದರಿಂದ. ತೊಳೀಲಾರದ ಹೊಡದಾಂವ ನಾನ” ಅಂದರು. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗ ಎದ್ದು ನಿಂತ. “ತೊಳೀಲಾರದ ಕೊಟ್ಟಾಂವ ನಾನ, ಕಾಕಾ.”

ತೀರ್ಮಾನ ಕಷ್ಟವಾಗಲಿಲ್ಲ. ಅಂಚಿನ ಸಾಲುಗಳ ನಷ್ಟ ಪೂರ್ತಿ ಯುವಕನದು. ಪಟ್ಟಿಯ ನಷ್ಟ ಇಬ್ಬರಿಗೂ ಸಮಪಾಲು. ಲೆಕ್ಕ ಮಾತ್ರ ಹತ್ತಿ ಬಿಡಿಸಿದ ಮೇಲೆ, ಯಾಕೆಂದರೆ ಸೊಟ್ಟಾದ ಗಿಡ ಎಷ್ಟು ಚೇತರಿಸಿಕೊಳ್ಳುತ್ತದೆ ಎಂದು ಮುಂಚೆ ಹೇಳಲಾಗದು. ಮೊಗ್ಗು ಕಟ್ಟುವ ಹೊತ್ತಿಗೆ ಏಟು ತಿಂದ ಗಿಡಕ್ಕೆ ಪೆಟ್ಟು ಹೆಚ್ಚು. ಆದರೂ ಮುಂದಿನ ದಿನಗಳು ಒದಗಿ ಬಂದರೆ ಅದು ಒಂದಿಷ್ಟು ಕಾಯಿ ಕಟ್ಟುತ್ತದೆ.

ಈ ಪ್ರಕರಣವನ್ನು ನಾನು ಹಲವು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಗಾಳಿಯ ತಪ್ಪಿನ ವಿಷಯದಲ್ಲಿ ನನಗೆ ಗೊಂದಲವಿಲ್ಲ. ನಮ್ಮ ಹಳ್ಳಿಗಳಲ್ಲಿ ಬದು ಒತ್ತುವುದು ಹಳೆಯ ಪಾಪ. ವರ್ಷಕ್ಕೊಂದು ಸಾಲು ಪಕ್ಕದವನ ಹೊಲಕ್ಕೆ ನೇಗಿಲು ಸರಿಸಿದವನನ್ನು ಊರು ಕ್ಷಮಿಸುತ್ತಿರಲಿಲ್ಲ. ಗಾಳಿಯಲ್ಲಿ ಎಣ್ಣಿ ಹೊಡೆಯುವುದೂ ಬದು ಒತ್ತುವುದೇ, ಕಲ್ಲು ಕೀಳದೆ ಒತ್ತುವುದು. ‘ಗಾಳಿ ನನ್ನ ಮಾತು ಕೇಳುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರ ಸರಳ: ಗಾಳಿ ಕೇಳುವುದಿಲ್ಲ, ಅದಕ್ಕೇ ಗಾಳಿಯ ಮಾತನ್ನು ನಾವು ಕೇಳಬೇಕು. ಗಾಳಿ ತಗ್ಗುವ ತನಕ ಕಾಯಬೇಕು, ಹನಿ ದಪ್ಪ ಬೀಳುವ ನಾಜಲ್ ಹಾಕಬೇಕು, ಪಕ್ಕದಲ್ಲಿ ಹತ್ತಿ, ಮೆಣಸಿನಗಿಡ, ದ್ರಾಕ್ಷಿ ಇದ್ದರೆ ಅಂಚಿನ ಸಾಲುಗಳ ಕಳೆಯನ್ನು ಕೈಯಿಂದಲೇ ತೆಗೆಯಬೇಕು. 2,4-ಡಿಯಲ್ಲೂ ಆವಿಯಾಗಿ ಏಳುವ ಎಸ್ಟರ್ ರೂಪವಿದೆ, ಅಷ್ಟು ಏಳದ ಸೋಡಿಯಂ ಮತ್ತು ಅಮೈನ್ ಲವಣಗಳಿವೆ. ಡಬ್ಬಿಯ ಮೇಲೆ ಬರೆದಿರುವ ಆ ಒಂದು ಪದವನ್ನು ಓದುವುದೂ ನೆರೆಯವನ ಮೇಲಿನ ಕಾಳಜಿಯೇ.

ಆ ಯುವಕ ಎಣ್ಣಿ ಯಾಕೆ ಹೊಡೆಸಿದ ಎಂಬುದನ್ನೂ ನಾನು ಮರೆತಿಲ್ಲ. ಕಳೆ ತೆಗೆಯಲು ಬರುತ್ತಿದ್ದ ಹೆಣ್ಣಾಳುಗಳು ಈಗ ಸಿಗುವುದು ಕಷ್ಟ. ಎಡೆ ಹೊಡೆಯಲು ಎತ್ತುಗಳಿಲ್ಲ. ಮಳೆ ಹಿಡಿದರೆ ಕಳೆ ಬೆಳೆಯನ್ನು ಮೀರುತ್ತದೆ. ಅವನ ಅಗತ್ಯವನ್ನು ಹಳಿಯುವ ಹಕ್ಕು, ಕುರ್ಪಿ ಹಿಡಿಯದ ನನಗಿಲ್ಲ. ಅಗತ್ಯವಿದ್ದವನಿಗೆ ಎಚ್ಚರ ಬೇಡ ಎಂದು ಮಾತ್ರ ಹೇಳಲಾರೆ. ಸಾಧನಕ್ಕೆ ಬಲ ಬಂದಷ್ಟೂ ಅದನ್ನು ಹಿಡಿದ ಕೈಗೆ ಜವಾಬ್ದಾರಿ ಹೆಚ್ಚು. ಕುರ್ಪಿ ತಪ್ಪಿದರೆ ಒಂದು ಗಿಡ ಹೋಗುತ್ತದೆ. ಪಂಪು ತಪ್ಪಿದರೆ ಪಕ್ಕದವನ ವರ್ಷ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ‘ಸುಳ್ಳ ಹೇಳಾಕತ್ತಿಲ್ಲ’ ಎಂಬ ಆ ಮಾತು. ಅದು ಅಕ್ಷರಶಃ ನಿಜ. ಗಾಳಿ ಬೀಸಿತ್ತು, ಎಲೆ ಕೆಟ್ಟಿತ್ತು. ಹಸಿ ಸುಳ್ಳಾಗಿದ್ದರೆ ಊರು ಅದನ್ನು ಒಡೆದು ಹಾಕುತ್ತಿತ್ತು, ಹುಲ್ಲು 2,4-ಡಿಯನ್ನು ಒಡೆದು ಹಾಕುವಂತೆ. ಸತ್ಯವನ್ನೇ ಹೋಲುವ ಅರ್ಧ ಮಾತನ್ನು ಒಡೆಯುವ ಶಕ್ತಿ ಊರಿಗಿರಲಿಲ್ಲ. ಕಟ್ಟೆಯ ಮೇಲೆ ಆ ಅರ್ಧ ಮಾತು ನಿಂತಿದ್ದರೆ ಏನಾಗುತ್ತಿತ್ತು? ಹುಡುಗ ಇಡೀ ನಷ್ಟ ಕಟ್ಟುತ್ತಿದ್ದ. ತನಗೆ ಗೊತ್ತಿರುವ ಪಂಪಿನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕಾಕಾ ತನಗೆ ಅನ್ಯಾಯ ಮಾಡಿದರು ಎಂದು ಒಳಗೊಳಗೇ ಸಿಟ್ಟು ಬೆಳೆಸುತ್ತಿದ್ದ. ಹಿರಿಯರು ಅವನ ಮುಖ ಕಂಡಾಗಲೆಲ್ಲ ತಮ್ಮ ಪಾಲನ್ನು ನೆನೆದು ಇನ್ನಷ್ಟು ಸಿಡುಕುತ್ತಿದ್ದರು. ಆಜ್ಞೆ ನಿಲ್ಲದ ಗಿಡ ತಿರುಚಿಕೊಳ್ಳುವಂತೆ ಎರಡು ಮನೆಗಳು ತಿರುಚಿಕೊಳ್ಳುತ್ತಿದ್ದವು. ದ್ವೇಷಕ್ಕೆ ಹೊರಗಿನಿಂದ ಯಾರೂ ನೀರು ಹಾಕಬೇಕಿರಲಿಲ್ಲ.

ಇದು ಊಹೆಯ ಮಾತಲ್ಲ. 2,4-ಡಿಯಂತೆ ಆಕ್ಸಿನ್ನಿನ ವೇಷ ಹಾಕುವ ಇನ್ನೊಂದು ಕಳೆನಾಶಕ ಡೈಕಾಂಬಾ. ಅಮೆರಿಕದಲ್ಲಿ ಮೊನ್ಸಾಂಟೊ ಕಂಪನಿ ಡೈಕಾಂಬಾ ತಡೆಯುವ ಹತ್ತಿ, ಸೋಯಾ ಬೀಜಗಳನ್ನು ಮೊದಲು ಮಾರಿತು. ಅವುಗಳ ಜೊತೆ ಬಳಸಬೇಕಾಗಿದ್ದ, ಕಡಿಮೆ ಆವಿಯಾಗುವ ಮಿಶ್ರಣಕ್ಕೆ ಸರ್ಕಾರದ ಅನುಮತಿ ಸಿಕ್ಕಿದ್ದು ಆಮೇಲೆ, 2016ರ ಕೊನೆಯಲ್ಲಿ. ನಡುವೆ ಹಲವರು ಹಳೆಯ ಮಿಶ್ರಣವನ್ನೇ ಹೊಡೆದರು. ಅದು ಎದ್ದು ನೆರೆಯವರ ಹೊಲ ಸೇರಿತು. ಆ ಅಕ್ಟೋಬರಿನಲ್ಲಿ ಅರ್ಕನ್ಸಾ ಮತ್ತು ಮಿಸೌರಿ ರಾಜ್ಯಗಳ ಗಡಿಯಲ್ಲಿ ಇದೇ ಜಗಳಕ್ಕೆ ಒಬ್ಬ ರೈತ ಗುಂಡೇಟಿಗೆ ಸತ್ತ. 2017ರಲ್ಲಿ ಸುಮಾರು 36 ಲಕ್ಷ ಎಕರೆ ಸೋಯಾಗೆ ಡೈಕಾಂಬಾ ತಾಗಿದೆ ಎಂದು ಮಿಸೌರಿ ವಿಶ್ವವಿದ್ಯಾಲಯ ಅಂದಾಜಿಸಿತು. 2020ರಲ್ಲಿ ಅಲ್ಲಿನ ಒಬ್ಬ ಪೀಚ್ ಬೆಳೆಗಾರರಿಗೆ ಕಂಪನಿಗಳು 26.5 ಕೋಟಿ ಡಾಲರ್ ಕೊಡಬೇಕೆಂದು ಜ್ಯೂರಿ ಹೇಳಿತು. ಆ ಮೊತ್ತವನ್ನು ನ್ಯಾಯಾಲಯ ಆಮೇಲೆ ಇಳಿಸಿತು. ಅಲ್ಲಿಯ ಹೊಲಗಳ ನಡುವೆಯೂ ಒಂದು ಕಾಲಕ್ಕೆ ಕೊಡುಕೊಳ್ಳುವ ನಂಟು ಇದ್ದಿರಬೇಕು ಎಂದು ಓದುವಾಗಲೆಲ್ಲ ನನಗೆ ಅನ್ನಿಸಿದೆ.

ಹಾಗಾಗಿ ನಾನು ಕಲಿತದ್ದು ಇಷ್ಟು. ನಷ್ಟವಾದವನಿಗೆ ದೂರುವ ಹಕ್ಕಿದೆ. ಆ ಹಕ್ಕು ತನ್ನ ಪಾಲಿನ ತಪ್ಪನ್ನು ಮುಚ್ಚಿಡುವ ಪರವಾನಗಿಯಲ್ಲ. ನ್ಯಾಯ ಕೇಳುವವನು ಮೊದಲು ತನ್ನ ಪಂಪನ್ನು ಕಟ್ಟೆಗೆ ತರಬೇಕು. ತಂದರೆ ದೂರು ದುರ್ಬಲವಾಗುತ್ತದೆ ಎಂದು ಹಿರಿಯರು ಹೆದರಿದ್ದರು. ಆದದ್ದು ಬೇರೆ: ಅವರು ತಮ್ಮ ತಪ್ಪನ್ನು ನಡುವೆ ಇಟ್ಟ ಮೇಲೆ ಅವರ ಉಳಿದ ಮಾತನ್ನು ಅನುಮಾನಿಸಲು ಯಾರಿಗೂ ಕಾರಣ ಉಳಿಯಲಿಲ್ಲ. ಅಂಚಿನ ಸಾಲುಗಳ ಬಗ್ಗೆ ಒಬ್ಬರೂ ತಕರಾರು ಎತ್ತಲಿಲ್ಲ. ತನ್ನ ಪಾಲನ್ನು ಒಪ್ಪಿಕೊಳ್ಳಲು ಆ ಹುಡುಗನಿಗೂ ದಾರಿ ಸಿಕ್ಕಿತು.

ಈಗ ಅವರ ಪಡಸಾಲೆಯಲ್ಲಿ ಎರಡು ಪಂಪುಗಳಿವೆ. ಎರಡನೆಯದನ್ನು ಎರಡೂ ಮನೆಯವರು ಹಣ ಕೂಡಿಸಿ ತಂದರು. ಅದರ ಪಟ್ಟಿಗೆ ಕೆಂಪು ಬಟ್ಟೆ ಕಟ್ಟಿದೆ. ಅದು ಕಸದ ಎಣ್ಣಿಗೆ ಮಾತ್ರ. ಬೇರೆ ಪಂಪು ಇಡಲು ಆಗದವರಿಗೆ ನಾನು ಹೇಳುವುದು, ಹೊಡೆದ ದಿನವೇ ಸೋಪಿನಪುಡಿಯ ನೀರು ತುಂಬಿ, ಪೈಪು, ನಾಜಲ್ ಎಲ್ಲದರೊಳಗೂ ಹರಿಸಿ, ಮೂರು ಸಲ ತೊಳೆಯಿರಿ. ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಹೊಡೆಯುವ ಆಳಿಗೆ ಕೈಗವಸು, ಬೂಟು ಕೊಡಿ. ತೊಳೆಯಲು ಬೇಕಾದ ಅರ್ಧ ಗಂಟೆಯ ಕೂಲಿಯನ್ನೂ ಕೊಡಿ. ‘ತೊಳಿ ಅಂತ ಯಾರೂ ಹೇಳಿದ್ದಿಲ್ಲ’ ಎಂದು ಅವನು ಮತ್ತೆ ಹೇಳುವಂತಾಗಬಾರದು.

ಆ ವರ್ಷ ಹತ್ತಿ ಒಡೆಯುವ ಮುಂಚೆ ಮತ್ತೊಮ್ಮೆ ಆ ಹೊಲಕ್ಕೆ ಹೋಗಿದ್ದೆ. ಬಂಡಿದಾರಿಯ ಪಕ್ಕದ ಒಂದು ಗಿಡದ ಗೆಣ್ಣುಗಳನ್ನು ಕೆಳಗಿನಿಂದ ಎಣಿಸುತ್ತ ಬಂದೆ. ಹದಿನಾಲ್ಕನೆಯದರಲ್ಲಿ ಸೊಟ್ಟ ಎಲೆ ಸೊಟ್ಟಾಗಿಯೇ ಇತ್ತು. ಅದು ಇನ್ನು ನೆಟ್ಟಗಾಗುವುದಿಲ್ಲ. ಕೆಲವು ಗೆಣ್ಣು ಮೇಲಕ್ಕೆ ಹೋದರೆ ಎಲೆ ಸ್ವಲ್ಪ ಅಗಲ. ಎಲ್ಲಕ್ಕಿಂತ ಮೇಲೆ, ಕುಡಿಯ ಹತ್ತಿರ, ಒಂದು ಎಲೆ ಅಂಗೈ ತೆರೆದಿತ್ತು.